ಆರನೇ ನಂಬರ್ ಬಾಗಿಲು

ಬೆನ್ನಿಗೆ ಚೂಪಾದದ್ದೇನೋ ತಾಗಿತು.

ಡೊಂಬಿವಿಲಿ ಸ್ಟೇಶನ್. ಬೆಳಗ್ಗೆ ಹತ್ತೂಮುಕ್ಕಾಲು. ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿಲ್ಲ. ಇಂಥ ಜಂಗುಳಿಯಲ್ಲಿ ಯಾರದೋ ಕೊಡೆ ತಾಗುತ್ತದೆ, ಯಾರದೋ ಡಬ್ಬಿ ತಾಗುತ್ತದೆ. ಆದರೆ ಕೊಡೆ ಕಿವಿಯಲ್ಲಿ ಮಾತಾಡುವುದಿಲ್ಲ.

"ಶಾಣಾ ಮತ್ ಬನ್. ಕಾಗಜ್ ದೇ."

ಜಾಣತನ ಬೇಡ, ಕಾಗದ ಕೊಡು!

ಯಾವ ಕಾಗದ ಎಂದು ನನಗೆ ಗೊತ್ತಿತ್ತು. ನನ್ನ ಶರ್ಟಿನೊಳಗೆ ಮಡಚಿಟ್ಟಿದ್ದ ಒಂದು ಬಣ್ಣದ ಬ್ರೋಶರ್. ಮೇಲೆ ಬಿಳೀ ಹಡಗಿನ ಫೋಟೋ. ಒಳಗೆ ಹಲ್ಲು ಕಿರಿಯುತ್ತಿರುವ ನಾಲ್ಕು ಜನರ ಫೋಟೋ. ರದ್ದಿಯವನೂ ಮುಟ್ಟಲಾರ. ಅಂಥದ್ದಕ್ಕೆ ಒಬ್ಬ ನನ್ನ ಬೆನ್ನಿಗೆ ಚಾಕು ಹಿಡಿದು ನಿಂತಿದ್ದ.

"ಯಾರು ಕಳಿಸಿದ್ದು?" ಎಂದು ಹಿಂದಿಯಲ್ಲೇ ಕೇಳಿದೆ.

"ತೇರಾ ಬಾಪ್."

"ಅವರು ತೀರಿಹೋಗಿ ಮೂವತ್ತು ವರ್ಷ ಆಯಿತು."

ಚಾಕು ಇನ್ನಷ್ಟು ಒತ್ತಿತು. ಶರ್ಟು ಒದ್ದೆಯಾಯಿತು. ಬೆವರಲ್ಲ.

ಅಷ್ಟರಲ್ಲಿ ಫಾಸ್ಟ್ ಲೋಕಲ್ ಒಳಗೆ ಬಂತು. ಡೊಂಬಿವಿಲಿಯ ಜನ ಗಾಡಿ ನಿಲ್ಲುವ ತನಕ ಕಾಯುವವರಲ್ಲ. ಹಡಗಿನಲ್ಲಿ ನಾನು ಕಲಿತ ಮೊದಲ ಪಾಠ, ಅಲೆ ಬಂದಾಗ ಎದುರು ನಿಲ್ಲಬಾರದು, ಮೊಣಕಾಲು ಸಡಿಲ ಬಿಡಬೇಕು. ಬಿಟ್ಟೆ. ಜನ ನನ್ನನ್ನು ಎತ್ತಿಕೊಂಡು ಹೋಗಿ ಬೋಗಿಯೊಳಗೆ ತುಂಬಿದರು. ಚಾಕು ಹಿಡಿದವನು ಆ ಅಲೆಗೆ ಎದುರು ನಿಂತ. ಅವನ ಕೈ ಇಬ್ಬರು ದಪ್ಪನೆಯ ಗುಮಾಸ್ತರ ನಡುವೆ ಸಿಕ್ಕಿಕೊಂಡಿತು. ಚಾಕು ಹಳಿಗೆ ಬಿತ್ತು. ಗಾಡಿ ಹೊರಟಾಗ ಅವನ ಮುಖ ನೋಡಿದೆ. ಕೆಂಪು ಹೆಲ್ಮೆಟ್ ಬಗಲಲ್ಲಿ, ಫೋನು ಕಿವಿಯಲ್ಲಿ.

ಫೋನು ಕಿವಿಯಲ್ಲಿ! ಎಂದರೆ ಠಾಣೆಯಲ್ಲಿ ಇನ್ನೊಬ್ಬ ಕಾಯುತ್ತಾನೆ.

ನೀವು ಬರೆದುಕೊಳ್ಳುತ್ತಿದ್ದೀರಲ್ಲ ಇನ್‌ಸ್ಪೆಕ್ಟರ್ ಸಾಹೇಬರೇ, ಬರೆದುಕೊಳ್ಳಿ. ನನ್ನ ಹೆಸರು ಲೋಕನಾಥ. ಊರು ಮಲ್ಪೆ, ವಾಸ ಕೋಪರಖೈರಣೆ. ವಯಸ್ಸು ಐವತ್ತಾರು, ಬಲ ಮೊಣಕಾಲು ಮಾತ್ರ ಎಂಬತ್ತು. ಹಡಗಿಗೆ ಕಳಿಸುತ್ತೇವೆಂದು ಪಾಸ್‌ಪೋರ್ಟ್ ಇಟ್ಟುಕೊಂಡು ಕೈಕೊಡುವ ಏಜೆಂಟರನ್ನು ಹಿಡಿದು ಪಾಸ್‌ಪೋರ್ಟ್ ಬಿಡಿಸಿಕೊಡುವುದು ನನ್ನ ಈಗಿನ ಕೆಲಸ. ಅದಕ್ಕೆ ಮೊದಲು ಆರು ವರ್ಷ ಎಂ.ವಿ. ಸೊರೆಲ್ಲಾ ಎಂಬ ಪ್ರವಾಸಿ ಹಡಗಿನಲ್ಲಿ ಸೆಕ್ಯುರಿಟಿ ಗಾರ್ಡ್.

ನಾನು ಸೇರಿದಾಗಲೇ ಅದು ಮೂವತ್ತು ದಾಟಿದ ಮುದಿ ಹಡಗು. ಈಗಿನವು ಹಡಗಲ್ಲ ಬಿಡಿ, ಸಮುದ್ರಕ್ಕಿಳಿದ ಮಾಲ್‌ಗಳು. ಸೊರೆಲ್ಲಾದಲ್ಲಿ ತೇಗದ ಡೆಕ್ ಇತ್ತು. ಬೆಳಗ್ಗೆ ಉಪ್ಪು ನೀರು ಹಾಕಿ ಉಜ್ಜಿದರೆ ಒದ್ದೆ ಮರದ ವಾಸನೆ ಬರುತ್ತಿತ್ತು. ಕೆಳಗೆ ನಮ್ಮ ಕಾರಿಡಾರಿನಲ್ಲಿ ಡೀಸೆಲ್, ಬ್ಲೀಚ್, ಹಳೇ ಬಣ್ಣದ ಮೇಲೆ ಬಳಿದ ಹೊಸ ಬಣ್ಣ. ತಲೆ ತಗ್ಗಿಸಿಯೇ ನಡೆಯಬೇಕು. ಒಂದು ಕ್ಯಾಬಿನ್ನಿಗೆ ನಾಲ್ಕು ಜನ. ಇಂಜಿನ್ನಿನ ಗುಡುಗುಡು ಎಷ್ಟು ಒಗ್ಗಿಹೋಗಿತ್ತೆಂದರೆ ರಜೆಗೆ ಊರಿಗೆ ಬಂದರೆ ಮೊದಲ ವಾರ ನಿದ್ದೆಯೇ ಹತ್ತುತ್ತಿರಲಿಲ್ಲ. ನನಗೆ ಆ ಹಡಗಿನ ಮೇಲೆ ಪ್ರೀತಿಯಿತ್ತು. ಈಗಲೂ ಇದೆ. ನಾಚಿಕೆಯಾಗುತ್ತದೆ, ಆದರೂ ಇದೆ.

ಲಾಂಡ್ರಿಯಲ್ಲಿ ನಾಗರಾಜ ಇದ್ದ. ಕಟಪಾಡಿಯವನು. ಸಮುದ್ರದ ಗಾಳಿಗೆ ಮೆತ್ತಗಾದ ಹಲಸಿನ ಹಪ್ಪಳವನ್ನು ಡ್ರೈಯರಿನ ಮೇಲೆ ಹರಡಿ ಮತ್ತೆ ಒಣಗಿಸುತ್ತಿದ್ದ. ಒಮ್ಮೆ ಕ್ಯಾಪ್ಟನ್ನಿನ ಬಿಳೀ ಯೂನಿಫಾರ್ಮಿಗೇ ಹಪ್ಪಳದ ವಾಸನೆ ಹತ್ತಿತ್ತು. ಯಾರು ಬೈದರೂ ನಗುತ್ತಿದ್ದ. ಪರ್ಸಿನಲ್ಲಿ ಮಗಳ ಫೋಟೋ. ಲಾಂಡ್ರಿಗೆ ಯಾರೇ ಬರಲಿ, ಬಟ್ಟೆ ಕೊಡುವ ಮೊದಲು ಆ ಫೋಟೋ ನೋಡಲೇಬೇಕು.

2008ರಲ್ಲಿ, ಗ್ರೀಸಿನ ಹತ್ತಿರ, ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಲಾಂಡ್ರಿಗೆ ಬೆಂಕಿ ಬಿತ್ತು. ಹೊಗೆ ಹರಡದಂತೆ ಸದಾ ಮುಚ್ಚಿರಬೇಕಾದ ಆರನೇ ನಂಬರಿನ ಬೆಂಕಿಬಾಗಿಲು ಮುಚ್ಚಿರಲಿಲ್ಲ. ಬಟ್ಟೆಯ ಪಟ್ಟಿಯಿಂದ ರೇಲಿಂಗಿಗೆ ಕಟ್ಟಿ ತೆರೆದಿಟ್ಟಿದ್ದರು. ಹೊಗೆ ಕಾರಿಡಾರಿಗೆ ನುಗ್ಗಿತು. ಆರು ಜನ ಸತ್ತರು. ನಾಗರಾಜನೂ ಸತ್ತ. ಬಾಗಿಲು ಕಟ್ಟಿದ್ದು ನಾಗರಾಜನೇ ಎಂದು ರಿಪೋರ್ಟ್ ಆಯಿತು. ಸತ್ತವನ ತಲೆಗೆ ಕಟ್ಟುವುದು ಸುಲಭ, ಅವನು ಎದ್ದು ಬಂದು ಇಲ್ಲ ಅನ್ನುವುದಿಲ್ಲ.

ಸೊರೆಲ್ಲಾ ಗುಜರಿಗೆ ಹೋಯಿತು ಎಂದರು. ನಾವೆಲ್ಲ ನಂಬಿದೆವು.

ಇವತ್ತು ಬೆಳಗಿನ ತನಕ...

ನಾಗರಾಜನ ಹೆಂಡತಿ ಸುಗುಣಾ. ಡೊಂಬಿವಿಲಿ ಪೂರ್ವದಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ. ಹದಿನೇಳು ವರ್ಷದಿಂದ ತಿಂಗಳಿಗೊಮ್ಮೆ ನಾನು ಅಲ್ಲಿಗೆ ಹೋಗುತ್ತೇನೆ. ನಲ್ಲಿ ಸೋರಿದರೆ, ಫ್ಯೂಸ್ ಹೋದರೆ, ಮಗಳ ಕಾಲೇಜಿನ ಫಾರ್ಮ್ ತುಂಬಬೇಕಾದರೆ ಲೋಕಣ್ಣನೇ ಬೇಕು. ಆ ಮಗಳು ಅಪರ್ಣಾ, ಈಗ ಇಪ್ಪತ್ತೆರಡು. ಅವಳು ಹಡಗಿಗೆ ಸೇರುವ ದಿನ ಇವತ್ತು. ಬೇಡವೆಂದು ಹೇಳಿ ಸೋತಿದ್ದೆ. ನಾನು ಮುಟ್ಟುವ ಹೊತ್ತಿಗೆ ಅವಳನ್ನು ಏಜೆಂಟನ ಗಾಡಿ ಬಂದು ಕರೆದುಕೊಂಡು ಹೋಗಿತ್ತು.

ಸುಗುಣಾ ದೋಸೆ ಹಾಕಿಕೊಟ್ಟು ಬ್ರೋಶರ್ ತಂದಳು.

"ನೋಡಿ ಲೋಕಣ್ಣ, ಎಷ್ಟು ಚಂದ ಉಂಟು ಅಲ್ವಾ ಹಡಗು? ಹೊಸತಂತೆ. ಕಟ್ಟಿ ಒಂಬತ್ತು ವರ್ಷ ಮಾತ್ರ ಆದ್ದಂತೆ."

ನೋಡಿದೆ. ಬಿಳೀ ಹಡಗು, ಮೂತಿ ಎಡಕ್ಕೆ. ಹೆಸರು ಅಜೂರಾ. ಪಕ್ಕದಲ್ಲಿ ಸಾಲಾಗಿ ತೂಗಿದ ಲೈಫ್‌ಬೋಟುಗಳು. ಒಂದು, ಮೂರು, ಐದು...

ದೋಸೆಯ ತುಂಡು ಬಾಯಿಗೆ ಹೋಗಲಿಲ್ಲ.

ಇದೊಂದು ತಿಳಿದುಕೊಳ್ಳಿ. ಹಡಗಿನ ಮೂತಿ ಎಡಕ್ಕಿದ್ದರೆ ನಮಗೆ ಕಾಣುವುದು ಹಡಗಿನ ಎಡಮಗ್ಗುಲು. ಎಡಮಗ್ಗುಲಿನ ಬೋಟುಗಳಿಗೆ ಎರಡು, ನಾಲ್ಕು, ಆರು. ಬಲಮಗ್ಗುಲಿಗೆ ಒಂದು, ಮೂರು, ಐದು. ಎಲ್ಲ ಹಡಗಿನಲ್ಲೂ ಹೀಗೇ. ಸೊರೆಲ್ಲಾ ಮಾತ್ರ ಉಲ್ಟಾ. ಯಾವುದೋ ಕಾಲದಲ್ಲಿ ರಿಪೇರಿಯವರು ತಪ್ಪಾಗಿ ಬರೆದದ್ದು, ಬಾಗಿಲು, ಕ್ಯಾಬಿನ್, ನಕ್ಷೆ ಎಲ್ಲವೂ ಅದಕ್ಕೇ ಹೊಂದಿಕೊಂಡುಬಿಟ್ಟವು. ಹೊಸಬ ಬಂದರೆ ನಾವು ಹೇಳುತ್ತಿದ್ದ ಮೊದಲ ಮಾತೇ ಅದು, ಇದು ಉಲ್ಟಾ ಹಡಗು ಮಾರಾಯ, ನೋಡಿಕೊಂಡು ಓಡು. ಫೋಟೋ ತಿರುವಿ ಹಾಕಿದ್ದರೆ ಅಂಕೆಗಳೂ ತಿರುಗಬೇಕಿತ್ತು. ತಿರುಗಿರಲಿಲ್ಲ.

ಬಣ್ಣ ಬದಲಿಸಿದ್ದರು, ಹೆಸರು ಬದಲಿಸಿದ್ದರು, ಹುಟ್ಟಿದ ವರ್ಷವನ್ನೂ ಬದಲಿಸಿದ್ದರು. ಬೋಟಿನ ನಂಬರ್ ಯಾರಿಗೂ ನೆನಪಾಗಿರಲಿಲ್ಲ.

ಒಳಪುಟ ತೆರೆದೆ. ಕೆಲಸಗಾರರ ಕಾರಿಡಾರಿನಲ್ಲಿ ನಾಲ್ಕು ಜನ ನಗುತ್ತ ನಿಂತಿದ್ದರು. ಅವರ ಬೆನ್ನ ಹಿಂದೆ ಒಂದು ಬಾಗಿಲು. ಬಾಗಿಲಿನ ಮೇಲೆ ಆರು. ಹಿಡಿಯಿಂದ ರೇಲಿಂಗಿಗೆ ಬಿಗಿದ ಬಿಳೀ ಬಟ್ಟೆಯ ಪಟ್ಟಿ.

ಇವತ್ತಿಗೂ ಕಟ್ಟಿದ್ದಾರೆ! ಆರು ಜನ ಸತ್ತ ಮೇಲೂ!

"ಎಂತ ಆಯ್ತು ಲೋಕಣ್ಣ? ಚಟ್ನಿ ಖಾರ ಆಯ್ತಾ?"

"ಇಲ್ಲ... ಒಂದು ಅರ್ಜೆಂಟ್ ಉಂಟು. ಮತ್ತೆ ಹೇಳ್ತೇನೆ."

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆಂದು ಮುಂದೆ ಬರುತ್ತದೆ.

ಅಪರ್ಣಾಳ ಫೋನ್ ಸ್ವಿಚ್ ಆಫ್. ಮೆಟ್ಟಿಲಿಳಿಯುತ್ತಲೇ ಬ್ರೋಶರಿನ ಹಿಂದಿದ್ದ ಆಫೀಸ್ ನಂಬರಿಗೆ ಫೋನ್ ಮಾಡಿದೆ. ಇಂಥ ಕೆಲಸದಲ್ಲಿ ಕೂದಲು ಬೆಳ್ಳಗಾದವನು ಮಾಡುವ ತಪ್ಪಲ್ಲ. ಮಾಡಿದೆ.

"ಈ ಅಜೂರಾದ ಹಳೇ ಹೆಸರು ಸೊರೆಲ್ಲಾ ಅಲ್ವಾ?"

ಆ ಕಡೆಯಿಂದ ಬಂದದ್ದು ಮೈಸೂರಿನ ಮೆತ್ತನೆಯ ಕನ್ನಡ.

"ಯಾರು... ಸೆಕ್ಯುರಿಟಿ ಲೋಕನಾಥ್ ಅವರಾ? ಎಲ್ಲಿದ್ದೀರಿ ಈಗ?"

ಆ ದನಿ ನನಗೆ ಗೊತ್ತು. ಸುದರ್ಶನ. ಸೊರೆಲ್ಲಾದ ಸೇಫ್ಟಿ ಆಫೀಸರ್. ನಾಗರಾಜನ ತಲೆಗೆ ಕಟ್ಟಿದ ರಿಪೋರ್ಟ್ ಬರೆದವನು. ಈಗ ಬೋರ್ಡಿನ ಮೇಲೆ ಕ್ಯಾಪ್ಟನ್ ಸುದರ್ಶನ, ವಾಶಿಯಲ್ಲಿ ಏಜೆನ್ಸಿ. ಒಂದು ದಿನವೂ ಕ್ಯಾಪ್ಟನ್ ಆಗಿದ್ದವನಲ್ಲ. ಕಲ್ಯಾಣದಿಂದ ಇನ್ನೊಬ್ಬ ಕ್ಯಾಂಡಿಡೇಟನ್ನು ಕರೆತರಲು ಹೋಗಿದ್ದ ಅವನ ಜನ ಡೊಂಬಿವಿಲಿಗೆ ಬರಲು ಎಷ್ಟು ಹೊತ್ತು? ಬ್ರೋಶರ್ ನನ್ನ ಕೈ ಸೇರಿದ್ದು ಅಪರ್ಣಾಳ ಮನೆಯಲ್ಲೇ ಎಂದು ಅವನು ಊಹಿಸಿದ್ದ, ನಾನು ಸ್ಟೇಶನ್ ಮುಟ್ಟುವ ಮೊದಲೇ ಅವರಿದ್ದರು.

ಲೋಕಲ್ ಮುಂಬ್ರಾ ದಾಟುವಾಗ ಸುಗುಣಾ ಫೋನ್ ಮಾಡಿದಳು.

"ದೋಸೆ ಅರ್ಧಕ್ಕೆ ಬಿಟ್ಟು ಹೋದದ್ದೆಂತಕ್ಕೆ? ನಂಗೆ ಎಂತದೋ ಹೆದರಿಕೆ ಆಗ್ತಾ ಉಂಟು."

"ಅಪರ್ಣಾಳ ಬಸ್ಸು ಎಷ್ಟೊತ್ತಿಗೆ?"

"ಒಂದು ಗಂಟೆಗೆ ಆಫೀಸಿಂದ ಏರ್‌ಪೋರ್ಟಿಗೆ. ಅವಳ ಫೋನ್ ತಾಗುದಿಲ್ಲ. ಫೋನೆಲ್ಲ ತೆಗೆದಿಡ್ತಾರಂತೆ... ಲೋಕಣ್ಣ, ಅವಳಿಗೆ ಎಂತಾದ್ರೂ ಆದ್ರೆ ನಾನು ಬದುಕುದಿಲ್ಲ."

"ಅವಳು ಹಡಗು ಹತ್ತುದಿಲ್ಲ. ಅಷ್ಟು ನನಗೆ ಬಿಡಿ."

ಇಟ್ಟುಬಿಟ್ಟೆ. ಗಡಿಯಾರದಲ್ಲಿ ಹನ್ನೊಂದೂ ಹತ್ತು.

ಠಾಣೆಯಲ್ಲಿ ನನ್ನ ಊಹೆ ಸುಳ್ಳಾಗಲಿಲ್ಲ. ವಾಶಿ ಗಾಡಿಯ ಪ್ಲಾಟ್‌ಫಾರ್ಮಿಗಿಳಿಯುವ ಮೆಟ್ಟಿಲ ಬುಡದಲ್ಲಿ ಒಬ್ಬ ನಿಂತಿದ್ದ. ಗುಟ್ಕಾ ಜಗಿಯುತ್ತ ಒಮ್ಮೆ ಫೋನು ನೋಡುತ್ತಿದ್ದ, ಒಮ್ಮೆ ಬರುವವರ ಮುಖ. ಫೋನಿನಲ್ಲಿ ಇದ್ದದ್ದು ನನ್ನ ಮುಖವೇ ಇರಬೇಕು.

ಇನ್ನೊಂದು ಮೆಟ್ಟಿಲಿಲ್ಲ. ಇನ್ನೊಂದು ದಾರಿಯೂ ಇಲ್ಲ. ಆದರೆ ಖಾಲಿ ಬುಟ್ಟಿಗಳ ಗೋಪುರ ಹೊತ್ತು ಒಬ್ಬ ಇಳಿಯುತ್ತಿದ್ದ, ವಾಶಿ ಮಾರ್ಕೆಟ್ಟಿಗೆ ಹೊರಟವನು. ಹಿಂದಿನಿಂದ ಕೈ ಕೊಟ್ಟು ಬುಟ್ಟಿಗಳಲ್ಲಿ ಅರ್ಧ ನನ್ನ ತಲೆಗೆ ತೆಗೆದುಕೊಂಡೆ, ಮುಖ ಮರೆಯಾಯಿತು. ಅವನು ತಿರುಗಿ ನೋಡಿ, "ದೇವ್ ಬರೇ ಕರೋ" ಎಂದ. ದೇವರು ಒಳ್ಳೆಯದು ಮಾಡಲಿ ಅಂತ. ಆ ಹೊತ್ತಿಗೆ ಬೇಕಾದದ್ದೂ ಅದೇ.

ಬುಟ್ಟಿಗಳ ಸಮೇತ ಲಗೇಜ್ ಡಬ್ಬಕ್ಕೆ ಹತ್ತಿದೆವು. ಗಾಡಿ ಹೊರಟಿತು. ನಿಟ್ಟುಸಿರು ಬಿಟ್ಟೆ.

ಬೇಗ ಬಿಟ್ಟೆ. ಕೊನೇ ಕ್ಷಣದಲ್ಲಿ ಗುಟ್ಕಾದವನು ಓಡಿ ಬಂದು ಅದೇ ಡಬ್ಬಕ್ಕೆ ಹಾರಿದ.

"ಚಾಚಾ, ಬಹುತ್ ದೌಡಾಯಾ." ತುಂಬಾ ಓಡಿಸಿದೆ ಎಂದು ನಗುತ್ತಲೇ ಮೊಣಕಾಲಿಗೆ ಒದ್ದ. ಬಲ ಮೊಣಕಾಲಿಗೇ! ಕಣ್ಣು ಕತ್ತಲಿಟ್ಟಿತು. ಕೆಳಗೆ ಬಿದ್ದೆ. ಅವನ ಕೈ ನನ್ನ ಶರ್ಟಿನೊಳಗೆ ಹೋಯಿತು, ಬ್ರೋಶರ್ ಹೊರಗೆ ಬಂತು.

ಗಾಡಿ ಐರೋಲಿಗೆ ನಿಧಾನಿಸುತ್ತಿತ್ತು. ಅವನು ಬಾಗಿಲ ಕಡೆಗೆ ತಿರುಗಿದ. ಕೆಲಸ ಮುಗಿಯಿತು ಎಂದುಕೊಂಡವನ ಬೆನ್ನು ಬಹಳ ಸಡಿಲವಾಗಿರುತ್ತದೆ. ಕೂತಲ್ಲಿಂದಲೇ ಅವನ ಕಣಕಾಲು ಹಿಡಿದು ಎಳೆದೆ. ಮುಖ ಕಬ್ಬಿಣದ ಕಂಬಕ್ಕೆ ಬಡಿಯಿತು. ಬ್ರೋಶರ್ ಮರಳಿ ತೆಗೆದುಕೊಂಡೆ. ಬುಟ್ಟಿಯವನು ಯಾವ ಪ್ರಶ್ನೆಯನ್ನೂ ಕೇಳದೆ ಅವನನ್ನು ಐರೋಲಿ ಪ್ಲಾಟ್‌ಫಾರ್ಮಿಗೆ ತಳ್ಳಿದ.

"ಚೋರ್?"

"ಅದಕ್ಕಿಂತ ಕಡೆ," ಎಂದೆ.

ಹನ್ನೆರಡೂ ಇಪ್ಪತ್ತಕ್ಕೆ ವಾಶಿ. ಮಾರ್ಕೆಟ್ಟಿನ ಹಿಂದಿನ ಕಟ್ಟಡ, ಎರಡನೇ ಮಾಳಿಗೆ. ಕೆಳಗೆ ಬಸ್ಸು ನಿಂತಿತ್ತು. ಕುಂಟುತ್ತ ಹತ್ತಿದೆ. ಗಾಜಿನಾಚೆ ಹಾಲ್, ಹನ್ನೆರಡು ಕುರ್ಚಿ, ಹನ್ನೆರಡು ನೀಲಿ ಟೀ ಶರ್ಟು, ಹನ್ನೆರಡು ಸೂಟ್‌ಕೇಸು. ಎರಡನೇ ಸಾಲಿನಲ್ಲಿ ಅಪರ್ಣಾ. ನಾಗರಾಜನ ಮೂಗು, ನಾಗರಾಜನ ನಗು.

ನಾನು ಹಾಲಿಗೆ ಹೋಗುವ ಮೊದಲೇ ಕ್ಯಾಬಿನ್ನಿನ ಬಾಗಿಲು ತೆರೆಯಿತು.

"ಬನ್ನಿ ಲೋಕನಾಥ್. ಕೂತ್ಕೊಳ್ಳಿ. ರಕ್ತ ಬರ್ತಾ ಇದೆಯಲ್ರಿ, ನೀರು ಕುಡೀತೀರಾ?"

ಸುದರ್ಶನ ದಪ್ಪಗಾಗಿದ್ದ. ತಲೆಗೆ ಬಣ್ಣ. ಹಡಗಿಗೆ ಬಳಿದದ್ದೂ ಇದೇ ಕೈಯೇ ಇರಬೇಕು.

"ಅವರನ್ನು ಮನೆಗೆ ಕಳಿಸಿ," ಎಂದೆ.

"ಯಾಕೆ ಕಳಿಸ್ಬೇಕು? ಕೆಲ್ಸ ಕೇಳ್ಕೊಂಡು ಅವರೇ ಬಂದಿದ್ದಾರೆ."

"ಆ ಬಾಗಿಲು ಇವತ್ತಿಗೂ ಕಟ್ಟಿದ್ದೀರಿ."

"ಹಳೇ ಹಡಗು ಕಣ್ರಿ. ಬಾಗಿಲು ಹಿಡಿಯೋ ಮ್ಯಾಗ್ನೆಟ್ ಸಿಗಲ್ಲ. ಟ್ರಾಲಿ ಓಡಾಡ್ಬೇಕು. ಕಟ್ಟದೆ ಏನ್ಮಾಡ್ತಾರೆ? ನಿಮಗೆ ಗೊತ್ತಿಲ್ದೆ ಇರೋದಾ?"

ಡ್ರಾಯರಿನಿಂದ ಪ್ಲಾಸ್ಟಿಕ್ ಕವರ್ ತೆಗೆದ. ಒಳಗೆ ಹಳದಿಗಟ್ಟಿದ ಒಂದು ಹಾಳೆ.

ಸೊರೆಲ್ಲಾದ ಗಸ್ತಿನ ಹಾಳೆ. ಬೆಂಕಿ ಬಿದ್ದ ದಿನದ್ದು. ಎರಡು ಗಂಟೆಗೊಮ್ಮೆ ಗಾರ್ಡ್ ಎಲ್ಲ ಬೆಂಕಿಬಾಗಿಲು ನೋಡಿ ಟಿಕ್ ಹಾಕಬೇಕು. ಬಾಗಿಲು ಆರು, ಸಮಯ ಒಂದು ಗಂಟೆ, 'ಮುಚ್ಚಿದೆ' ಎಂಬಲ್ಲಿ ಟಿಕ್. ಎದುರಿಗೆ ನನ್ನ ಸಹಿ.

"ಹೋಗಿ, ಹೇಳಿ ಅವರಿಗೆ," ಎಂದ ಸುದರ್ಶನ. "ಆಮೇಲೆ ಇದನ್ನ ಆ ಹುಡುಗಿಗೆ ನಾನೇ ಕೊಡ್ತೀನಿ. ಅವಳ ಅಮ್ಮನಿಗೂ ಒಂದು ಕಾಪಿ. ಅವಳೇ ಹೇಳಿದ್ಲು, ಹದಿನೇಳು ವರ್ಷ ಅವರ ಮನೇಲಿ ಕಾಫಿ ಕುಡಿದಿದ್ದೀರಂತಲ್ಲ."

ಇದೇ ಆ ಯಾಕೆ. ಬೆಳಗ್ಗೆ ಬಾಯಿ ಬಿಡದೆ ಎದ್ದು ಓಡಿದ್ದು ಇದಕ್ಕೇ.

ಹಾಳೆಯನ್ನು ಇನ್ನೊಮ್ಮೆ ನೋಡಿದೆ. ಮೇಲಿನಿಂದ ಕೆಳಗಿನ ತನಕ. ಕೆಳಗಿನ ಮೂಲೆಯಲ್ಲಿ ಇನ್ನೊಂದು ಸಹಿ ಇತ್ತು. ಅವನಿಗೆ ನನ್ನ ಸಹಿ ನೋಡಿ ನೋಡಿ ಅಭ್ಯಾಸವಾಗಿತ್ತು. ತನ್ನದನ್ನು ಮರೆತಿದ್ದ.

ಎದ್ದು ಸೀದಾ ಹಾಲಿಗೆ ಹೋದೆ.

"ನಿಮ್ಮ ಹಡಗು ಹೊಸದಲ್ಲ," ಎಂದು ಹಿಂದಿಯಲ್ಲಿ ಶುರು ಮಾಡಿದೆ. "ಅದರ ಹೆಸರು ಸೊರೆಲ್ಲಾ. ಐವತ್ತು ವರ್ಷ ದಾಟಿದ್ದು. ಅದರಲ್ಲಿ ಆರು ಜನ ಸುಟ್ಟು ಸತ್ತಿದ್ದಾರೆ. ಬೋಟಿನ ನಂಬರ್ ನೋಡಿ. ಬಾಗಿಲಿನ ಪಟ್ಟಿ ನೋಡಿ."

ಬ್ರೋಶರ್ ಕೈಯಿಂದ ಕೈಗೆ ಹೋಯಿತು. ಗುಸುಗುಸು ಎದ್ದಿತು. ಈಗಷ್ಟೇ ಟ್ರೇನಿಂಗ್ ಮುಗಿಸಿದವರು, ಎಡಬಲದ ನಂಬರ್ ಅವರಿಗೆ ಬಾಯಿಪಾಠ.

ಸುದರ್ಶನ ನಗುತ್ತಲೇ ಬಂದ. "ಇವರಿಗೆ ತಲೆ ಸರಿಯಿಲ್ಲ. ಸೊರೆಲ್ಲಾ? ಆ ಹೆಸರಿನ ಹಡಗನ್ನ ನಾನು ಕಣ್ಣಲ್ಲೂ ನೋಡಿಲ್ಲ."

"ನೋಡಿಯೇ ಇಲ್ಲ?"

"ಇಲ್ಲ."

"ಹಾಗಾದರೆ ನನ್ನ ಮೇಲೆ ನಿಮಗೇನು ಸಿಟ್ಟು? ನಾನು ಒಳ್ಳೆಯ ಗಾರ್ಡ್. ಒಂದು ತಪ್ಪೂ ಮಾಡಿದವನಲ್ಲ."

ಅದು ಅವನಿಗೆ ಚುಚ್ಚಿತು. ಚುಚ್ಚಲಿ ಎಂದೇ ಹೇಳಿದ್ದೆ. ಇಬ್ಬರು ಆಗಲೇ ಸೂಟ್‌ಕೇಸ್ ಹಿಡಿದು ಎದ್ದಿದ್ದರು. ಅವನ ಮುಖ ಕೆಂಪಾಯಿತು. ಕವರಿನಿಂದ ಹಾಳೆ ಎಳೆದು ಅಪರ್ಣಾಳ ಮುಖದೆದುರು ಹಿಡಿದ.

"ಒಳ್ಳೇ ಗಾರ್ಡ್! ನೋಡಮ್ಮ, ನಿಮ್ಮಪ್ಪನ್ನ ಕೊಂದವನು ಇವನು. ತೆರೆದಿದ್ದ ಬಾಗಿಲಿಗೆ ಮುಚ್ಚಿದೆ ಅಂತ ಸಹಿ ಹಾಕಿದ್ದಾನೆ. ಇವನ ಮಾತು ಕೇಳ್ತೀರಾ?"

ಎದ್ದಿದ್ದ ಇಬ್ಬರು ಮತ್ತೆ ಕೂತರು.

"ಸರ್," ಎಂದಳು ಅಪರ್ಣಾ, ಹಾಳೆ ತೆಗೆದುಕೊಂಡು. ಓದಿದಳು. ನಿಧಾನವಾಗಿ ಓದಿದಳು. "ಇದರ ಮೇಲೆ ಎಂ.ವಿ. ಸೊರೆಲ್ಲಾ ಅಂತ ಉಂಟು. ಔರ್ ನೀಚೆ... ಚೆಕ್ಡ್ ಬೈ, ಸೇಫ್ಟಿ ಆಫೀಸರ್. ಯೇ ಸೈನ್ ತೋ ಆಪ್‌ಕಾ ಹೈ. ನಮ್ಮ ಜಾಯ್ನಿಂಗ್ ಲೆಟರಲ್ಲೂ ಇದೇ ಸೈನ್."

ಹನ್ನೊಂದು ಕೈಗಳು ಹನ್ನೊಂದು ಜಾಯ್ನಿಂಗ್ ಲೆಟರ್ ತೆರೆದವು.

ನೋಡಿಯೇ ಇಲ್ಲದ ಹಡಗಿನ ಕಾಗದ ಅವನ ಡ್ರಾಯರಿನಲ್ಲಿ, ಅವನದೇ ಸಹಿಯೊಂದಿಗೆ! ಸುದರ್ಶನ ಹಾಳೆಗೆ ಕೈ ಚಾಚಿದ. ಅಪರ್ಣಾ ಕೊಡಲಿಲ್ಲ. ಕುರ್ಚಿಗಳು ಸರಿದವು. ಒಬ್ಬೊಬ್ಬರಾಗಿ ಎದ್ದರು.

ಎದ್ದದ್ದು ಹನ್ನೊಂದು ಜನ. ಅಪರ್ಣಾ ಕೂತೇ ಇದ್ದಳು.

"ಮಗಾ, ಏಳು."

"ಲೋಕು ಮಾಮ, ಮೈ ಜಾವೂಂಗಿ. ಹೋಗಿಯೇ ಹೋಗ್ತೇನೆ. ಹಳೇ ಹಡಗು ಅಂದ್ರೆ ಏನಾಯ್ತು? ಪಪ್ಪಾನ ಹಡಗು ಅದು." ಅವಳ ಕಣ್ಣು ಹಾಳೆಯ ಮೇಲೆಯೇ ಇತ್ತು. "ನೀವು ಟಿಕ್ ಹಾಕಿದ್ರಿ, ಓಕೆ. ಆದ್ರೆ ಬಾಗಿಲು ಕಟ್ಟಿದ್ದು ಪಪ್ಪಾ. ರಿಪೋರ್ಟಲ್ಲಿ ಉಂಟು. ಐದು ಜನ ಅವರಿಂದ ಸತ್ರು. ಅದೇ ಹಡಗಲ್ಲಿ ನಾನು ಒಳ್ಳೆ ಕೆಲಸ ಮಾಡ್ತೇನೆ. ಆ ಬಾಗಿಲು ನಾನೇ ಬಿಚ್ಚಿ ಹಾಕ್ತೇನೆ. ಅವರ ಮಿಸ್ಟೇಕ್ ನಾನು ಸರಿ ಮಾಡ್ತೇನೆ."

ಅವಳು ಹಡಗು ಹತ್ತಲು ಹೊರಟದ್ದು ಇದಕ್ಕೆ. ಸಂಬಳಕ್ಕಲ್ಲ, ದೇಶ ನೋಡಲಿಕ್ಕಲ್ಲ. ಇಷ್ಟು ವರ್ಷ ಅವಳ ಫಾರ್ಮ್ ತುಂಬಿಕೊಟ್ಟ ನನಗೆ ಇದು ಗೊತ್ತಿರಲಿಲ್ಲ.

ಅವಳನ್ನು ತಡೆಯಲು ಒಂದೇ ಮಾತು ಉಳಿದಿತ್ತು. ಅದು ಯಾವ ಹಾಳೆಯಲ್ಲೂ ಇರಲಿಲ್ಲ. ಸುದರ್ಶನನಿಗೂ ಗೊತ್ತಿರಲಿಲ್ಲ. ಬದುಕಿದವರಲ್ಲಿ ನನಗೊಬ್ಬನಿಗೇ ಗೊತ್ತು.

"ನಿನ್ನ ಪಪ್ಪ ಕಟ್ಟಿದ್ದಲ್ಲ," ಎಂದೆ. "ನಾನು."

ತಲೆಯೆತ್ತಿದಳು.

"ಆ ದಿನ ಒಂದು ಗಂಟೆಗೆ ಗಸ್ತಿಗೆ ಹೋದೆ. ಅವನು ಪಟ್ಟಿ ಬಿಚ್ಚಿ ಬಾಗಿಲು ಮುಚ್ಚಿದ್ದ. ಲೋಕಣ್ಣ, ಇವತ್ತು ಡ್ರೈಯರ್ ಎಂತದೋ ಸುಟ್ಟ ವಾಸನೆ ಬರ್ತಾ ಉಂಟು, ಮುಚ್ಚಿಯೇ ಇರ್ಲಿ ಅಂದ. ನನ್ನ ಹಿಂದೆ ಟ್ರಾಲಿಯವ ನಿಂತಿದ್ದ, ಅವನೂ ಉಳಿಯಲಿಲ್ಲ. ನನಗೆ ಊಟಕ್ಕೆ ತಡ ಆ‌ಗಿತ್ತು. ನೀನು ಸುಮ್ಮನೆ ಹೆದರ್ತಿ ಮಾರಾಯ ಅಂತ ಬಾಗಿಲು ತೆಗೆದು ನಾನೇ ಕಟ್ಟಿದೆ. ಗಟ್ಟಿಯಾಗಿ ಕಟ್ಟಿದೆ. ಮುಚ್ಚಿದೆ ಅಂತ ಟಿಕ್ ಹಾಕಿ ಊಟಕ್ಕೆ ಹೋದೆ. ಅವನು ಸಿಕ್ಕಿದ್ದು ಆ ಬಾಗಿಲ ಬುಡದಲ್ಲಿ. ಕೈಯಲ್ಲಿ ಪಟ್ಟಿಯ ತುದಿ ಇತ್ತು. ಬಿಚ್ಚಲಿಕ್ಕೆ ಬಂದಿದ್ದ."

ಅವಳ ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ.

"ಅವನು ಯಾವ ತಪ್ಪನ್ನೂ ಮಾಡಲಿಲ್ಲ ಮಗಾ. ನೀನು ಸರಿ ಮಾಡುವಂಥದ್ದು ಅಲ್ಲಿ ಏನೂ ಇಲ್ಲ."

ಅವಳು ಅಳಲಿಲ್ಲ. ಬೈಯಲಿಲ್ಲ. ಹೊಡೆದಿದ್ದರೆ ಒಳ್ಳೆಯದಿತ್ತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನಲ್ಲಿಟ್ಟು ಎದ್ದಳು.

ಬಾಗಿಲಲ್ಲಿ ಕೆಂಪು ಹೆಲ್ಮೆಟ್ ಪ್ರತ್ಯಕ್ಷನಾದ. ಹಿಂದೆ ಇನ್ನಿಬ್ಬರು.

"ಶಟರ್ ಎಳೀರಿ!" ಎಂದು ಕಿರುಚಿದ ಸುದರ್ಶನ. "ಆ ಹಾಳೆ ಹೊರಗೆ ಹೋಗ್ಬಾರ್ದು!"

ಶಟರ್ ಕರಕರ ಎಂದು ಇಳಿಯತೊಡಗಿತು. ಹನ್ನೆರಡು ಜನ ಹೆದರಿ ಗೋಡೆಗೆ ಅಂಟಿದರು. ಹೆದರಿದ ಜನ ಒಂದು ಕಡೆ ನಿಂತರೆ ಮೂವರು ಸಾಕು, ಎಲ್ಲರನ್ನೂ ಹಿಡಿದಿಡಬಹುದು.

ನನ್ನ ಕೀಲಿಗೊಂಚಲಿನಲ್ಲಿ ಸೊರೆಲ್ಲಾದ ಪೀಪಿ ಇದೆ. ಹದಿನೇಳು ವರ್ಷದಿಂದ ಊದಿರಲಿಲ್ಲ. ಬಾಯಿಗಿಟ್ಟೆ.

ಏಳು ಸಲ ಗಿಡ್ಡ. ಒಂದು ಸಲ ಉದ್ದ.

ಎಲ್ಲ ಹಡಗಿನ ಅಪಾಯದ ಕೂಗು ಅದು. ಕೇಳಿದ ಕೂಡಲೇ ಯೋಚಿಸಬಾರದು, ಸಾಲು ಹಿಡಿದು ಹೊರಡಬೇಕು. ಟ್ರೇನಿಂಗಿನಲ್ಲಿ ಅವರಿಗೆ ಇದನ್ನು ಅರೆದು ಕುಡಿಸಿದ್ದರು. ಹನ್ನೆರಡು ಜನರ ಬೆನ್ನು ನೆಟ್ಟಗಾಯಿತು. ಮುಂದಿನವರ ಹೆಗಲಿಗೆ ಹಿಂದಿನವರ ಕೈ. ಅಪರ್ಣಾ ಮೇಜಿನ ಮೇಲಿದ್ದ ಪಾಸ್‌ಪೋರ್ಟಿನ ಡಬ್ಬಿ ಎತ್ತಿ ಬಗಲಲ್ಲಿಟ್ಟು ಸಾಲಿನ ಮುಂದೆ ನಿಂತಳು.

"ಚಲೋ," ಎಂದಳು.

ಒಂದೇ ಹೆಜ್ಜೆಯಲ್ಲಿ ಬರುವ ಹನ್ನೆರಡು ಜನರನ್ನು ಮೂವರು ಎಲ್ಲಿ ತಡೆಯುತ್ತಾರೆ? ಕೆಂಪು ಹೆಲ್ಮೆಟ್ ಮೊದಲ ಮೆಟ್ಟಿಲಲ್ಲೇ ಕುಕ್ಕರಿಸಿದ. ನಾನು ಶಟರಿಗೆ ಹೆಗಲು ಕೊಟ್ಟು ಕೊನೆಯವನು ದಾಟುವ ತನಕ ಹಿಡಿದೆ. ಕೆಳಗೆ ಮಾರ್ಕೆಟ್ಟಿನ ಹಮಾಲರು, ಟೆಂಪೋದವರು ತಲೆಯೆತ್ತಿ ನೋಡುತ್ತಿದ್ದರು. ಅಷ್ಟು ಕಣ್ಣೆದುರು ಯಾರೂ ಚಾಕು ತೆಗೆಯುವುದಿಲ್ಲ. ಪೊಲೀಸ್ ಚೌಕಿ ಎದುರಿಗೇ ಇತ್ತು, ಸಾಲು ಅಲ್ಲಿಗೇ ಹೋಯಿತು. ಸುದರ್ಶನ ಈಗ ಎಲ್ಲಿದ್ದಾನೆಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಡೊಂಬಿವಿಲಿಯ ತನಕ ಅಪರ್ಣಾ ನನ್ನ ಪಕ್ಕದಲ್ಲಿ ಕೂರಲಿಲ್ಲ.

ಸುಗುಣಾ ಬಾಗಿಲಲ್ಲೇ ನಿಂತಿದ್ದಳು. ಮಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಅಪರ್ಣಾ ಹಾಳೆಯ ಜೆರಾಕ್ಸನ್ನು ಅಮ್ಮನ ಕೈಗಿಟ್ಟು ಒಳಗೆ ಹೋದಳು. ಉಳಿದದ್ದನ್ನು ನಾನು ಹೇಳಿದೆ. ಹೊಸ್ತಿಲಾಚೆ ನಿಂತೇ ಹೇಳಿದೆ. ಹಾಲಿನಲ್ಲಿ ಹನ್ನೆರಡು ಜನರೆದುರು ಹೇಳಿದ್ದಕ್ಕಿಂತ ಇದು ಕಷ್ಟವಾಯಿತು.

ಅವಳು ಗೋಡೆಯ ಮೇಲಿನ ನಾಗರಾಜನ ಫೋಟೋದ ಕಡೆಗೆ ತಿರುಗಿದಳು.

"ದಿನಾ ಅವರ ಫೋಟೋಕ್ಕೆ ಹೂ ಇಡುವಾಗ ಬೈದುಕೊಂಡೇ ಇಡ್ತಿದ್ದೆ, ಗೊತ್ತುಂಟಾ ನಿಮಗೆ?" ಎಂದಳು. "ಯಾಕೆ ಕಟ್ಟಿದ್ರಿ, ಯಾಕೆ ಕಟ್ಟಿದ್ರಿ ಅಂತ. ನೀವು ಇಲ್ಲೇ, ಈ ಕುರ್ಚಿಯಲ್ಲಿ ಕೂತು ಕೇಳಿದ್ದೀರಿ."

"ಹೌದು."

"ಮಗಳನ್ನು ತಂದುಕೊಟ್ರಿ. ಅದು ಬೇರೆ. ಇದು ಬೇರೆ."

"ಹೌದು."

ಬಾಗಿಲು ಮುಚ್ಚಿದಳು. ಬಡಿದು ಮುಚ್ಚಲಿಲ್ಲ, ನಿಧಾನವಾಗಿ ಮುಚ್ಚಿದಳು. ಮೊದಲು ಚಿಲಕ, ಆಮೇಲೆ ಬೀಗ.

ಬೆರಳಿನಿಂದ ಒತ್ತಿ ನೋಡಿದೆ. ಅಲುಗಲಿಲ್ಲ. ಬರೆದುಕೊಳ್ಳಿ, ಬಾಗಿಲು ಮುಚ್ಚಿದೆ. ಈ ಸಲ ನೋಡಿಯೇ ಹೇಳುತ್ತಿದ್ದೇನೆ.